ಮುಟ್ಟಿದಾಗ ಹೇಳಿ

ಜನವರಿ 9, ಗುರುವಾರ

ಬೆಳಗ್ಗೆಯೆಲ್ಲ ಬರೀ ಕಣ್ಣುಗಳು. ಕೊನೆಗೆ ಬಂದವರು ನಿವೃತ್ತ ಮೇಷ್ಟ್ರು. ಹೊರಗೆ ಸರದಿ ಕಾಯುತ್ತಾ ತಮಗಿಂತ ಮುಂಚೆ ಹೋದವರು ಓದಿದ್ದನ್ನೆಲ್ಲ ಕೇಳಿಸಿಕೊಂಡು ಚಾರ್ಟಿನ ಕೆಳಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದರು! ಅನುಮಾನ ಬಂದು ಚಾರ್ಟ್ ಬದಲಾಯಿಸಿದೆ. ಆದರೂ ಹಳೆಯ ಸಾಲನ್ನೇ ಗಡಗಡ ಒಪ್ಪಿಸಿದರು.

"ಮೇಷ್ಟ್ರೇ, ಇಲ್ಲಿ ಯಾರನ್ನೂ ಫೇಲ್ ಮಾಡಲ್ಲ. ಕಾಣಿಸದಿದ್ರೆ ಕಾಣಿಸ್ತಿಲ್ಲ ಅನ್ನಿ" ಎಂದೆ. ಮುಖ ಸಣ್ಣದಾಯಿತು, ಪಾಪ.

ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ಕಣ್ಣು ಪರೀಕ್ಷೆ ಮಾಡಿ ನಾನು ಕಲಿತದ್ದು ಇದೊಂದೇ. ಜನಕ್ಕೆ ಚೆನ್ನಾಗಿ ಕಾಣಬೇಕು ಅನ್ನುವುದಕ್ಕಿಂತ ಪಾಸಾಗಬೇಕು ಅನ್ನುವ ಆಸೆ. ಅದಕ್ಕೇ ಒಂದು ಪ್ಲೇನ್ ಗಾಜು ಇಟ್ಟುಕೊಂಡಿದ್ದೇನೆ. ಪವರೇ ಇಲ್ಲದ್ದು. ಫ್ರೇಮಿಗೆ ಸಿಕ್ಕಿಸಿ "ಈಗ ಹೇಗಿದೆ?" ಅನ್ನುವುದು. "ಆಹಾ, ಈಗ ಫಸ್ಟ್‌ಕ್ಲಾಸ್" ಅಂದರೆ ಆಸಾಮಿ ಊಹೆಯ ಮೇಲೆ ಬಂಡಿ ಓಡಿಸುತ್ತಿದ್ದಾನೆ ಅಂತ ಲೆಕ್ಕ.

ಮಧ್ಯಾಹ್ನ ರಜೆ ಹಾಕಿ ಆಸ್ಪತ್ರೆ. ಎಡಗಡೆಯ ಸ್ತನ ತೆಗೆದು, ಅದೇ ದಿನ ಹೊಟ್ಟೆಯ ಚರ್ಮ, ಕೊಬ್ಬು ತಂದು ಹೊಸದು ಕಟ್ಟಿ ವರ್ಷವಾಗುತ್ತಾ ಬಂತು. ಕ್ಯಾನ್ಸರ್ ಡಾಕ್ಟರು ಸದ್ಯಕ್ಕೆ ಕೈಬಿಟ್ಟಿದ್ದಾರೆ — ಒಳ್ಳೆಯ ಅರ್ಥದಲ್ಲಿ. ಉಳಿದವರು ದರ್ಜಿ ಡಾಕ್ಟ್ರು. ಆ ಹೆಸರಿಟ್ಟವಳು ತಂಗಿ. ಪ್ಲಾಸ್ಟಿಕ್ ಸರ್ಜನ್ ಅಂದರೆ ಅವಳಿಗೆ ಬಕೆಟ್ಟು, ಚೊಂಬು ನೆನಪಾಗುತ್ತದಂತೆ.

ದರ್ಜಿ ಡಾಕ್ಟ್ರ ಸಂಶೋಧನೆಯಲ್ಲಿ ನಾನೂ ಒಬ್ಬಳು. ಮೊದಲೆಲ್ಲ ಆಕಾರ ಬಂದರೆ ಸಾಕಿತ್ತಂತೆ. ಇವರದು ಇನ್ನೂ ಒಂದು ಹಟ — ಸ್ಪರ್ಶವೂ ಬರಬೇಕು. ಹೊಟ್ಟೆಯಿಂದ ತಂದ ತುಂಡಿನ ಜೊತೆ ಅದರ ನರವನ್ನೂ ಬಿಡಿಸಿ ತಂದು ಎದೆಯ ನರಕ್ಕೆ ಹೊಲಿದಿದ್ದಾರೆ. ಬರಿಗಣ್ಣಿಗೆ ಕಾಣದ ದಾರ, ಸೂಕ್ಷ್ಮದರ್ಶಕದ ಕೆಳಗೆ. ನರ ಬಳ್ಳಿಯ ಹಾಗೆ ನಿಧಾನ ಹಬ್ಬುತ್ತದೆ. ಬರಬಹುದು, ಬರದೆಯೂ ಇರಬಹುದು... ಅದನ್ನು ಅಳೆಯುವುದಕ್ಕೆ ಒಬ್ಬ ಹುಡುಗಿ. ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳ ಡಬ್ಬಿಯಲ್ಲಿ ಸಾಲಾಗಿ ಕಡ್ಡಿಗಳು, ಒಂದೊಂದರ ತುದಿಗೂ ಒಂದು ನೈಲಾನ್ ಎಳೆ. ಕೂದಲಿನಷ್ಟು ಸಣ್ಣದರಿಂದ ಪೊರಕೆಕಡ್ಡಿಯಷ್ಟು ದಪ್ಪದವರೆಗೆ. ಎಳೆ ಬಾಗುವ ತನಕ ಚರ್ಮಕ್ಕೆ ಒತ್ತುವುದು. ನೈಲಾನ್ ಹುಡುಗಿ ಅಂತಲೇ ನಾನು ಕರೆಯುವುದು, ಮನಸ್ಸಿನಲ್ಲಿ.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದಳು. "ಮುಟ್ಟಿದಾಗ ಹೇಳಿ ಮೇಡಂ. ಅವಸರ ಇಲ್ಲ."

ಕಾದೆ. ಏನೂ ಇಲ್ಲ. ಮತ್ತೆ ಕಾದೆ. ಆಗ ಅವಳ ಚಕ್ರದ ಸ್ಟೂಲು ಕೀಚ್ ಅಂದಿತು. ಅಂದರೆ ಮುಂದಕ್ಕೆ ಬಾಗಿದಳು. ಅಂದರೆ ಮುಟ್ಟುತ್ತಿದ್ದಾಳೆ. "ಹೂಂ" ಅಂದೆ.

ಹೀಗೇ ಉದ್ದಕ್ಕೂ. ಕೀಚ್ — ಹೂಂ. ಕೀಚ್ — ಹೂಂ. ಮುಗಿದ ಮೇಲೆ "ತುಂಬಾ ಚೆನ್ನಾಗಿ ಕೋಆಪರೇಟ್ ಮಾಡಿದ್ರಿ" ಅಂದಳು. ನಾಚಿಕೆಗೇಡು, ಒಳಗೊಳಗೇ ಹಿಗ್ಗಿದೆ.

ದರ್ಜಿ ಡಾಕ್ಟ್ರು ಬಾಗಿಲಲ್ಲಿ ತಲೆ ಹಾಕಿದರು. "ಹೇಗೆ? ಬರ್ತಾ ಇದ್ಯಾ?"

"ಬರ್ತಾ ಇದೆ ಡಾಕ್ಟ್ರೇ."

ಅವರ ಮುಖ ನೋಡಬೇಕಿತ್ತು. ಆ ಮುಖಕ್ಕೆ ಇಲ್ಲ ಅನ್ನುವುದು ಹೇಗೆ? ಅವರ ಬೆನ್ನ ಹಿಂದೆಯೇ ತಂಗಿ ನಿಂತಿದ್ದಳು, ನನ್ನ ಚೀಲ ಹಿಡಿದುಕೊಂಡು. ಎಲ್ಲ ಕೇಳಿಸಿಕೊಂಡಳು.


ಜನವರಿ 10

ಏನೂ ಗೊತ್ತಾಗಲಿಲ್ಲ ನಿನ್ನೆ. ಇಲ್ಲಾದರೂ ನೆಟ್ಟಗೆ ಬರೆದುಬಿಡುತ್ತೇನೆ. ಕಾಲರ್ ಮೂಳೆಯ ಕೆಳಗೆ ಒಂದಿಷ್ಟು, ಕಂಕುಳ ಹತ್ತಿರ ಒಂದಿಷ್ಟು ಇರಬಹುದು. ನಡುವೆ ಶುದ್ಧ ಖಾಲಿ.

ಮೇಷ್ಟ್ರಿಗೆ ಬುದ್ಧಿ ಹೇಳಿದ್ದು ಅದೇ ಬೆಳಗ್ಗೆ!


ಜನವರಿ 19, ಭಾನುವಾರ

ತಂಗಿ ಬಂದಿದ್ದಳು. ಅವಳ ಬೇಕರಿಯ ಬನ್ನು, ಇನ್ನೂ ಬೆಚ್ಚಗೆ. ಹುಟ್ಟಿದಾಗಿನಿಂದ ಒಂದೇ ಶ್ರುತಿಯಲ್ಲಿ ಅಳುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು ಪಿಟೀಲು. ಈಗ ಅಳುವುದಿಲ್ಲ, ಅಳಿಸುತ್ತಾಳೆ.

ಅಮ್ಮ ಹೋದದ್ದು ಇದರಲ್ಲೇ. ದೊಡ್ಡಮ್ಮನೂ. ಆಮೇಲೆ ನನಗೆ. ಹೋದ ವರ್ಷ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿದರು. ಅದೇ ಜೀನು ಅವಳಲ್ಲೂ ಇದೆ. ಬರುವುದಕ್ಕೆ ಮುಂಚೆಯೇ ಎರಡೂ ತೆಗೆಸಿ ಹೊಸದು ಕಟ್ಟಿಸಿಕೊಳ್ಳಬಹುದು, ಇಲ್ಲವೇ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾ ಕಾಯಬಹುದು. ತಿಂಗಳುಗಟ್ಟಲೆ ಇದೇ ತಕ್ಕಡಿಯಲ್ಲಿ ತೂಗಾಡುತ್ತಿದ್ದಾಳೆ. ಅವಳು ತೂಗಾಡುತ್ತಾಳೆ, ನಿದ್ದೆ ಕೆಡುವುದು ನನಗೆ.

ಬನ್ನು ಮುರಿಯುತ್ತಾ ಕೇಳಿದಳು. "ಅಕ್ಕ, ನಂಗೆ ಆಕಾರ ಗೀಕಾರ ಚಿಂತೆ ಇಲ್ಲ. ಹೊಟ್ಟೆಯಲ್ಲಿ ಸಾಮಾನು ಧಾರಾಳವಾಗಿದೆ, ಎರಡಲ್ಲ ನಾಲ್ಕು ಮಾಡ್ಬಹುದು. ಒಂದೇ ಒಂದು ಪ್ರಶ್ನೆ. ಮುಟ್ಟಿದ್ರೆ ಗೊತ್ತಾಗುತ್ತಾ?"

"ಡಾಕ್ಟ್ರಿಗೆ ಹೇಳಿದ್ದು ಕೇಳಿಸ್ಕೊಂಡ್ಯಲ್ಲ."

"ಡಾಕ್ಟ್ರಿಗೆ ಹೇಳಿದ್ದು ಬಿಡು. ನಂಗೆ ಹೇಳು. ಗೊತ್ತಾಗುತ್ತೆ ಅಂದ್ರೆ ನಾಳೆನೇ ತಾರೀಖು ತಗೋತೀನಿ. ಇಲ್ಲಾಂದ್ರೆ ಇದ್ದಹಾಗೆ ಇರ್ತೀನಿ, ಸ್ಕ್ಯಾನ್ ಮಾಡಿಸ್ಕೊಂಡು."

ಅಮ್ಮನ ಕೊನೆಯ ದಿನಗಳು ಕಣ್ಣ ಮುಂದೆ ಬಂದವು. ಆ ಉಸಿರು.

"ಗೊತ್ತಾಗುತ್ತೆ" ಎಂದೆ.

"ಬಿಸಿ, ತಣ್ಣಗೆ?"

"ಹೂಂ."

ತಬ್ಬಿಕೊಂಡಳು. ಎಡಗಡೆ ಅವಳ ಕೆನ್ನೆ ಒರಗಿತ್ತು. ಕೆಳಗೆ ನೋಡಿದ ಮೇಲೆಯೇ ತಿಳಿದದ್ದು.


ಜನವರಿ 27

ತಾರೀಖು ತೆಗೆದುಕೊಂಡಿದ್ದಾಳೆ. ಮಾರ್ಚ್ 3. ಫೋನಿನಲ್ಲಿ ಗೆಲುವಾಗಿ ಮಾತಾಡಿದಳು. "ನಿನ್ನಿಂದಲೇ ಧೈರ್ಯ ಬಂತು ಕಣಕ್ಕ."

ಖುಷಿಯಾಗಬೇಕು. ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಒಬ್ಬರ ಬಲಗಣ್ಣಿನ ಪವರನ್ನು ಎಡಗಣ್ಣಿಗೆ ಬರೆದೆ. ಮಾಲೀಕರು ನೋಡಿ ತಿದ್ದಿದರು. "ಏನಮ್ಮ, ನಿನ್ನ ಕಣ್ಣೇ ಟೆಸ್ಟ್ ಮಾಡಿಸ್ಬೇಕಾ?"


ಫೆಬ್ರವರಿ 6, ಸಂಜೆ

ಹೇಗೆ ಬರೆಯಲಿ.

ತಿಂಗಳ ಹೊಟ್ಟೆನೋವು. ಅಂಗಡಿಯಿಂದ ಬಂದವಳೇ ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಉರುಳಿದೆ. ಕಣ್ಣು ಹತ್ತಿತು. ಎದ್ದಾಗ ಚೀಲ ಮೇಲಕ್ಕೆ ಸರಿದು ಎಡಗಡೆ ಕೂತಿತ್ತು. ತೆಗೆದಿಟ್ಟು, ತರಕಾರಿ ಹೆಚ್ಚಿ, ಸಾರಿಗೆ ಇಟ್ಟು, ಸ್ನಾನಕ್ಕೆ ಹೋದೆ. ಕನ್ನಡಿಯಲ್ಲಿ ಕಂಡಿತು. ಅಂಗೈ ಅಗಲ ಕೆಂಪು, ನಡುವೆ ಉಬ್ಬಿದ ಗುಳ್ಳೆ.

ನೋವಿಲ್ಲ. ಒಂದು ಚೂರೂ ಇಲ್ಲ. ಬೇರೆ ಯಾರದೋ ಮೈ ಸುಟ್ಟಿರುವುದನ್ನು ನೋಡಿದ ಹಾಗಿತ್ತು.

ಇಸ್ತ್ರಿಪೆಟ್ಟಿಗೆ, ಬಿಸಿನೀರು, ಹೀಟರ್ — ಹುಷಾರು ಅಂತ ಡಿಸ್ಚಾರ್ಜ್ ದಿನವೇ ನರ್ಸು ಹೇಳಿದ್ದರು. ನನಗೆ ನೆನಪಿತ್ತು. ನಾನು ಹೂಂ ಹೂಂ ಅಂದು ಅಂದು, ಎಲ್ಲೋ ಒಂದು ಕಡೆ ನಾನೇ ನಂಬಿಬಿಟ್ಟಿದ್ದೆನೋ ಏನೋ.

ಪಿಟೀಲು ದಿನವಿಡೀ ನಿಲ್ಲುವುದು ಒಲೆಯ ಮುಂದೆ. ಕಾದ ಟ್ರೇಗಳನ್ನು ಎದೆಯ ಮಟ್ಟಕ್ಕೆ ಎಳೆಯುತ್ತಾಳೆ.


ಫೆಬ್ರವರಿ 7

ಮುಲಾಮಿನ ವಾಸನೆ ಇವರಿಗೆ ಬಂದೇಬಂತು. ಲಿಫ್ಟ್ ರಿಪೇರಿ ಮಾಡುವವರ ಮೂಗು, ಸುಟ್ಟ ವೈರನ್ನು ಮೂರು ಮಹಡಿ ಆಚೆಯಿಂದ ಹಿಡಿಯುತ್ತದೆ. ತೋರಿಸಿದೆ. ಹತ್ತಿ ತಂದು ತಾವೇ ಹಚ್ಚಿದರು.

"ನಿಮ್ಗೂ ಸುಳ್ಳು ಹೇಳ್ದೆ. ಕೈಯಿಟ್ಟಾಗೆಲ್ಲ ಹೂಂ ಅಂತಿದ್ದೆ" ಎಂದೆ.

"ನಂಗೆ ಗೊತ್ತಿತ್ತು. ಮೊದಲೆಲ್ಲ ಕೈಯಿಟ್ರೆ ನಿನ್ನ ಭುಜ ಒಂಚೂರು ಎದ್ದೇಳ್ತಿತ್ತು. ಈಗ ಏಳಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಹೂಂ ಅಂತಿದ್ದೆ. ಬೇಡ ಅನ್ನೋದು ಹೇಗೆ?"

ನಾನು ಅತ್ತುಬಿಟ್ಟೆ. ಅವರೂ ಕಣ್ಣು ಒರೆಸಿಕೊಂಡರು, ಮುಲಾಮಿನ ಕೈಯಲ್ಲಿ. ಆಮೇಲೆ ಕಣ್ಣುರಿ ಅಂತ ನಲ್ಲಿಯ ಕೆಳಗೆ ತಲೆ ಕೊಟ್ಟು ನಿಂತರು. ಇಬ್ಬರಿಗೂ ನಗು ಬಂತು.

ತಂಗಿಗೆ ಹೇಳು ಅಂದರು. ಹೇಳಬೇಕು. ಹೇಳಿದರೆ ಆಪರೇಷನ್ ಬೇಡ ಅನ್ನುತ್ತಾಳೆ. ಬೇಡ ಅಂದು, ನಾಳೆ ಅಮ್ಮನ ಹಾಗೆ...


ಫೆಬ್ರವರಿ 13, ಗುರುವಾರ

ನೈಲಾನ್ ಹುಡುಗಿ ಗೌನು ಸರಿಸಿದವಳೇ ಕಡ್ಡಿಗಳ ಡಬ್ಬಿ ಮುಚ್ಚಿದಳು. "ಇದು ಯಾವಾಗ ಆಯ್ತು ಮೇಡಂ? ಇವತ್ತು ಟೆಸ್ಟ್ ಬೇಡ. ಡಾಕ್ಟ್ರಿಗೆ ತೋರಿಸೋಣ."

ಇನ್ನು ತಡೆಯಲಾಗಲಿಲ್ಲ. "ನೋಡಮ್ಮ, ನಂದೆಲ್ಲ ಹರಿದು ಹಾಕು. ನಾನು ಊಹೆ ಮಾಡಿ ಹೇಳಿದ್ದು. ನಿನ್ನ ಸ್ಟೂಲು ಕೀಚ್ ಅಂದಾಗ ಹೂಂ ಅಂದೆ. ನಿನ್ನ ಪಿಎಚ್.ಡಿ. ಹಾಳು ಮಾಡಿದೆ."

"ಗೊತ್ತು ಮೇಡಂ."

"ಏನು ಗೊತ್ತು?"

"ನಡುನಡುವೆ ನಾನು ಮುಟ್ಟೋದೇ ಇಲ್ಲ. ಸ್ಟೂಲು ಎಳೀತೀನಿ, ಬಗ್ತೀನಿ, ಕಡ್ಡಿ ಗಾಳಿಯಲ್ಲೇ ಹಿಡ್ಕೊಂಡಿರ್ತೀನಿ. ನೀವು ಆಗ್ಲೂ ಹೂಂ ಅಂದ್ರಿ."

ಪ್ಲೇನ್ ಗಾಜು! ದಿನಾ ನಾನು ಊರಿಗೆಲ್ಲ ಹಾಕುವ ಪ್ಲೇನ್ ಗಾಜು. ನನಗೇ ಹಾಕಿದ್ದಾಳೆ, ನಾನು "ಆಹಾ, ಫಸ್ಟ್‌ಕ್ಲಾಸ್" ಅಂದಿದ್ದೇನೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ಸಮಾಧಾನ ಮಾಡಿದಳು. ತುಂಬ ಜನ ಹೀಗೆ ಮಾಡುತ್ತಾರಂತೆ. ಕೆಲವರು ಡಾಕ್ಟ್ರಿಗೆ ಬೇಜಾರಾಗಬಾರದು ಅಂತ, ಕೆಲವರು ತಮಗೇ ಬೇಜಾರಾಗಬಾರದು ಅಂತ. ಅದಕ್ಕೆಂದೇ ಆ ಖಾಲಿ ಸರದಿಗಳು. ಹಾಗೆ ಊಹಿಸಿದವರ ಉತ್ತರವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಎಲ್ಲರದೂ ಮುಗಿಯುವ ತನಕ ಡಾಕ್ಟ್ರಿಗೂ ತೋರಿಸುವುದಿಲ್ಲ.

"ನಿಜವಾಗ್ಲೂ ಬಂದಿರೋರು ಇದ್ದಾರಾ?" ಎಂದೆ.

"ಇದ್ದಾರೆ. ಪೂರ್ತಿ ಅಲ್ಲ. ಕೆಲವರಿಗೆ ಅಂಚಿನಲ್ಲಿ, ಕೆಲವರಿಗೆ ನಡುವೆನೂ. ಕೆಲವರಿಗೆ ಎರಡು ವರ್ಷ ಆದ್ಮೇಲೆ. ಇಲ್ಲ ಅಂದ್ರೂ ಅದು ಉತ್ತರಾನೇ ಮೇಡಂ, ನಂಗೆ ಅದೂ ಬೇಕು."

ದರ್ಜಿ ಡಾಕ್ಟ್ರು ಗಾಯ ನೋಡಿದರು, ಬೈಯಲಿಲ್ಲ. ಮಾಯುತ್ತದೆ ಅಂದರು. ಅವರ ಮುಖ ಬಾಡಿದ್ದು ಕಂಡಿತು. ಬಾಡಲಿ.

ಹೊರಗೆ ಬಂದಾಗ ತಲೆಯಿಂದ ಮೂಟೆ ಇಳಿಸಿದ ಹಾಗೆ ಹಗುರ. ಬಸ್ ಸ್ಟಾಪಿನ ತನಕ ಮಾತ್ರ. ಸಂಶೋಧನೆಗೇನೋ ಖಾಲಿ ಸರದಿಯ ಕಾವಲಿದೆ, ನನ್ನ ಸುಳ್ಳು ಅದನ್ನು ಮುಟ್ಟಲಿಲ್ಲ. ಪಿಟೀಲಿಗೆ ಯಾವ ಕಾವಲಿದೆ? ಅವಳು ನನ್ನ ಮಾತನ್ನು ಹಾಗೇ ನುಂಗಿದ್ದಾಳೆ.


ಫೆಬ್ರವರಿ 18

ಪಿಟೀಲಿಗೆ ಹೇಳಲು ಹೋಗಲಿಲ್ಲ. ನೆಗಡಿ ಅಂತ ನೆಪ.


ಫೆಬ್ರವರಿ 21

ಇವತ್ತೂ ಇಲ್ಲ. ಅವಳೇ ಫೋನ್ ಮಾಡಿ ಆಸ್ಪತ್ರೆಗೆ ಯಾವ ನೈಟಿ ತರಲಿ ಅಂತ ಕೇಳಿದಳು. ಮುಂದೆ ಗುಂಡಿ ಇರುವುದು ಅಂದೆ. ಫೋನಿಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯ.


ಫೆಬ್ರವರಿ 23, ಭಾನುವಾರ

ಹೇಳಿದೆ.

ಬೇಕರಿಯ ಹಿಂದಿನ ಕೋಣೆ. ಬೆಳಗಿನ ಬ್ರೆಡ್ಡು ಇಳಿದಿತ್ತು. ಹಿಟ್ಟು ನಾದುತ್ತಿದ್ದಳು, ಮೊಣಕೈವರೆಗೂ ಬಿಳಿ.

"ಪಿಟೀಲು, ಒಂದ್ನಿಮಿಷ ಕೂತ್ಕೋ."

"ಹಂಗೇ ಹೇಳು, ಹಿಟ್ಟು ಕಾಯಲ್ಲ."

ಹಂಗೇ ಹೇಳಿದೆ. ಸ್ಟೂಲು, ಹೂಂ, ಬಿಸಿನೀರಿನ ಚೀಲ. ರವಿಕೆಯ ಗುಂಡಿ ಬಿಚ್ಚಿ ಗಾಯವನ್ನೂ ತೋರಿಸಿದೆ. ಸಿಪ್ಪೆ ಏಳುತ್ತಿದೆ ಈಗ.

ಕೈ ನಿಲ್ಲಿಸಿದಳು. ಬಗ್ಗಿ ಗಾಯ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಿಸಿ ಗೊತ್ತಾಗುತ್ತಾ ಅಂತ ಕೇಳಿದ್ದೆ ನಾನು. ಬಾಯಿಬಿಟ್ಟು ಕೇಳಿದ್ದೆ."

"ಹೌದು."

"ಆ ಒಲೆ ನೋಡು. ಅದರ ಮುಂದೆ ನಿಂತು ನಂಗೆ ಗೊತ್ತಿಲ್ದೆ ನಾನು ಬೇಯ್ಬೇಕಿತ್ತಾ?"

"ನೀನು ಉಳೀಲಿ ಅಂತ ಕಣೇ... ಅಮ್ಮನ ಥರ ಆಗ್ಬಾರ್ದು ಅಂತ..."

"ನಂಗೂ ಅಮ್ಮಾನೇ ಅವಳು. ನಂಗೂ ಭಯ ಇದೆ. ಭಯ ಇರೋಳಿಗೆ ನಿಜ ಹೇಳೋದು ಬಿಟ್ಟು ಮಗೂಗೆ ಔಷಧಿ ಕುಡಿಸೋ ಹಾಗೆ ಮೂಗು ಹಿಡಿದು ಕುಡಿಸಿದ್ಯಲ್ಲ!"

ಮತ್ತೆ ನಾದುವುದಕ್ಕೆ ಶುರು ಮಾಡಿದಳು. ಹಿಟ್ಟನ್ನು ಎತ್ತಿ ಎತ್ತಿ ಕುಕ್ಕುತ್ತಿದ್ದಳು. ನಾನು ಬಾಗಿಲ ಹತ್ತಿರ ತುಂಬ ಹೊತ್ತು ನಿಂತಿದ್ದು ಬಂದೆ. ಯಾವತ್ತೂ ಬರಿಗೈಯಲ್ಲಿ ಕಳಿಸಿದವಳಲ್ಲ. ಇವತ್ತು ಬನ್ನು ಕೊಡಲಿಲ್ಲ.


ಮಾರ್ಚ್ 3

ಅವಳ ತಾರೀಖು ಇವತ್ತು. ತಂಗಿಯ ಗಂಡ ಫೋನ್ ಮಾಡಿದ್ದ. ಕ್ಯಾನ್ಸಲ್ ಮಾಡಿದ್ದಾಳಂತೆ.


ಮಾರ್ಚ್ 11

ಫೋನ್ ಎತ್ತುತ್ತಿಲ್ಲ.

ಯಾರಾದರೂ ಅಂಗಡಿಯಲ್ಲಿ ಕೆಮ್ಮಿದರೂ ಬೆಚ್ಚುತ್ತೇನೆ. ಈಗಾಗಲೇ ಅವಳೊಳಗೆ ಎಲ್ಲೋ ಒಂದು ಕಾಳು ಮೂಡುತ್ತಿದ್ದರೆ? ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮುಗಿದು ಮನೆಯಲ್ಲಿ ಮಲಗಿರುತ್ತಿದ್ದಳು. ನಾನು ನಿಜ ಹೇಳಿದ್ದು ಅವಳಿಗೋಸ್ಕರವೋ, ನನ್ನ ಭಾರ ಇಳಿಸಿಕೊಳ್ಳುವುದಕ್ಕೋ?

ಇವರನ್ನು ಕೇಳಿದೆ. ಸ್ಪ್ಯಾನರ್ ಒರೆಸುತ್ತಾ ಅಂದರು, "ಲಿಫ್ಟ್ ಗಟ್ಟಿಯಾಗಿದೆ ಅಂತ ಸುಳ್ಳು ಹೇಳಿ ಯಾರನ್ನೂ ಹತ್ತಿಸ್ಬಾರ್ದು. ಅವರು ಮೇಲೆ ತಲುಪಿದ್ರೂ ಸರಿಯೇ."

ಸಮಾಧಾನವೇನೂ ಆಗಲಿಲ್ಲ.


ಮಾರ್ಚ್ 26, ಬುಧವಾರ

ಊಟದ ಹೊತ್ತು. ಮಾಲೀಕರು ಮನೆಗೆ ಹೋಗಿದ್ದರು. ಬಾಗಿಲ ಗಂಟೆ ಟಿಣ್ ಅಂದಿತು. ಪಿಟೀಲು.

"ಕಣ್ಣು ಟೆಸ್ಟ್ ಮಾಡಿಸ್ಬೇಕು" ಅಂದಳು, ಗಿರಾಕಿಯ ಹಾಗೆ.

ಕೂರಿಸಿದೆ. ಲೆನ್ಸ್ ಪೆಟ್ಟಿಗೆ ತೆರೆದೆ. ಅವಳ ಕಣ್ಣು ಹದ್ದಿನದು, ನನಗೆ ಗೊತ್ತಿದ್ದದ್ದೇ. ಒಂದು ಗಾಜು ಸಿಕ್ಕಿಸಿ "ಈಗ?" ಎಂದೆ, ಅಭ್ಯಾಸಬಲ.

"ಏನೂ ವ್ಯತ್ಯಾಸ ಇಲ್ಲ. ಪ್ಲೇನ್ ಗಾಜು ಹಾಕಿದ್ಯಲ್ವಾ?"

"ಹೂಂ."

"ಇದು ನಿಜವಾದ ಹೂಂ." ನಕ್ಕಳು. ನನಗೆ ಜೀವ ಬಂದ ಹಾಗಾಯಿತು. "ಎದ್ದೇಳು, ಈಗ ನೀನು ಕೂತ್ಕೋ."

ಬಾಗಿಲಿಗೆ ಚಿಲಕ ಹಾಕಿದಳು. ಚೀಲದಿಂದ ಬ್ರಷ್ಷು ತೆಗೆದಳು. ಬನ್ನಿನ ಮೇಲೆ ಹಾಲು ಸವರುವಂಥದ್ದು, ಹೊಸದು. ನನ್ನ ರವಿಕೆ ಬಿಚ್ಚಿಸಿ, ಕಣ್ಣಿಗೆ ದುಪಟ್ಟ ಕಟ್ಟಿ, ಕಿವಿಗೆ ಹತ್ತಿ ತುರುಕಿದಳು. ಸ್ಟೂಲಿನ ಕೀಚ್ ಅಲ್ಲ, ಬೀದಿಯ ಹಾರ್ನು ಕೂಡ ಕೇಳಿಸದ ಹಾಗೆ.

ಕಾದೆ. ಏನೂ ಇಲ್ಲ. ಸುಮ್ಮನಿದ್ದೆ. ಸುಮ್ಮನಿರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ನಾಲಿಗೆಯ ತುದಿಯಲ್ಲಿ ಹೂಂ ಕುಣಿಯುತ್ತಿತ್ತು. ಆಮೇಲೆ ಮೇಲೆ ಅಂಚಿನಲ್ಲಿ, ದಪ್ಪ ಕಂಬಳಿಯ ಆಚೆಯಿಂದ ಯಾರೋ ಕರೆದಂತೆ, ಏನೋ ಒಂದು.

"ಹೂಂ."

ಗೆರೆ ಎಳೆದಳು, ಹುಬ್ಬಿನ ಪೆನ್ಸಿಲ್ಲಿನಲ್ಲಿ. ಮತ್ತೆ ಸುದೀರ್ಘ ಮೌನ. ಮತ್ತೆ ಕಂಕುಳ ಹತ್ತಿರ ಒಂದು ಹೂಂ. ಹೀಗೆ ಎಷ್ಟು ಹೊತ್ತೋ. ದುಪಟ್ಟ ಬಿಚ್ಚಿದಾಗ ಎದೆಯ ಮೇಲೆ ನಕ್ಷೆ. ಮೇಲೆ ಕುಡುಗೋಲಿನ ಆಕಾರದ ಒಂದು ಪಟ್ಟಿ, ಪಕ್ಕದಲ್ಲಿ ಚಿಕ್ಕದೊಂದು ತುಂಡು. ಉಳಿದದ್ದೆಲ್ಲ ಖಾಲಿ. ಗಾಯದ ಕಲೆ ಸರಿಯಾಗಿ ಆ ಖಾಲಿಯ ನಡುವೆ.

"ಇಷ್ಟೇನಾ?" ಅಂದಳು.

"ಸದ್ಯಕ್ಕೆ ಇಷ್ಟೇ."

ಬೆರಳಿನಿಂದ ಖಾಲಿ ಜಾಗವನ್ನು ಸವರುತ್ತಿದ್ದದ್ದು ಕಂಡಿತು. ಕಂಡಿತು ಅಷ್ಟೆ.

"ಅಷ್ಟು ಜಾಗದಲ್ಲಿ ಇಲ್ಲ ಅಂದ್ಯಲ್ಲ, ಅದಕ್ಕೆ ಈ ಪಟ್ಟಿಯಲ್ಲಿ ಇದೆ ಅಂದಿದ್ದು ನಂಬ್ತೀನಿ. ಮಾಡಿಸ್ಕೋತೀನಿ ಅಕ್ಕ. ಒಲೆ ಮುಂದೆ ದಪ್ಪ ಏಪ್ರನ್ ಹಾಕ್ಕೋತೀನಿ. ಬಂದಷ್ಟು ಬರ್ಲಿ. ಆದ್ರೆ ಒಂದು ಮಾತು ಕೊಡು."

"ಏನು?"

"ಇನ್ಮೇಲೆ ನಾನು ಏನು ಕೇಳಿದ್ರೂ ಇದ್ದಿದ್ದು ಇದ್ದಹಾಗೆ ಹೇಳ್ಬೇಕು. ನಂಗೆ ಬೇಜಾರಾದ್ರೂ. ನಾನು ಅಳ್ತೀನಿ ಅಂತ ಗೊತ್ತಿದ್ರೂ."

ಕೊಟ್ಟೆ. ಕೈಮೇಲೆ ಕೈಯಿಟ್ಟು ಕೊಟ್ಟೆ.


ಏಪ್ರಿಲ್ 21, ಸೋಮವಾರ, ಬೆಳಗ್ಗೆ

ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲಿಂದ ಕೇಳಿದಳು, "ನೋವಾಗುತ್ತಾ?"

"ಆಗುತ್ತೆ."

"ಎಷ್ಟು?"

"ಎದೆಗಿಂತ ಹೊಟ್ಟೆ ಜಾಸ್ತಿ. ನಗಬಾರ್ದು, ಕೆಮ್ಮಬಾರ್ದು. ಮೊದಲ ದಿನ ನಂಗೆ ಸತ್ರೇ ವಾಸಿ ಅನ್ನಿಸಿತ್ತು. ಆಮೇಲೆ ಕಮ್ಮಿ ಆಯ್ತು."

"ಥೂ, ಇಷ್ಟು ನಿಜ ಹೇಳು ಅಂದಿರ್ಲಿಲ್ಲ" ಅಂದಳು. ಬಾಗಿಲು ಮುಚ್ಚಿತು.

ತಂಗಿಯ ಗಂಡ ಹಾಲ್‌ನಲ್ಲಿ ಶತಪಥ ಹಾಕುತ್ತಿದ್ದಾನೆ. ಇವರು ಆಸ್ಪತ್ರೆಯ ಲಿಫ್ಟಿನ ಸದ್ದು ಸರಿಯಿಲ್ಲ ಅಂತ ಗೊಣಗುತ್ತಾ ಕೂತಿದ್ದಾರೆ.


ಏಪ್ರಿಲ್ 22, ಬೆಳಗ್ಗೆ

ಎಡಗಡೆ ಬೆಚ್ಚಗಿದೆ. ಬಲಗಡೆ ನೀಲಿಗಟ್ಟುತ್ತಿದೆ ಅಂದರು ನರ್ಸು. ಪುಟ್ಟ ಮಷೀನು ಹಿಡಿದು ರಕ್ತ ಹರಿಯುವ ಸದ್ದು ಕೇಳುತ್ತಾರೆ — ಎಡಗಡೆ ಪುಸ್ ಪುಸ್, ಬಲಗಡೆ ಬರೀ ಗೊರಗೊರ. ಹೊಲಿದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದರ್ಜಿ ಡಾಕ್ಟ್ರು ತಿಂಡಿಯ ತಟ್ಟೆ ಬಿಟ್ಟು ಓಡಿ ಬಂದರು. ಮತ್ತೆ ಥಿಯೇಟರಿಗೆ.

ನಾನು ನಕ್ಷೆ ತೋರಿಸಿದ್ದಕ್ಕೇ ಇವಳು ಒಪ್ಪಿದ್ದು. ಸುಳ್ಳು ಹೇಳಿದರೂ ನನ್ನ ತಲೆಗೆ, ನಿಜ ಹೇಳಿದರೂ ನನ್ನ ತಲೆಗೆ. ಅಮ್ಮಾ, ಉಳಿಸು.


ಏಪ್ರಿಲ್ 22, ಸಂಜೆ

ಉಳಿಯಿತು. ಹೆಪ್ಪುಗಟ್ಟಿದ್ದನ್ನು ತೆಗೆದು ಮತ್ತೆ ಹೊಲಿದರಂತೆ. ಬಣ್ಣ ಬಂದಿದೆ. ನರ್ಸು ಮಷೀನನ್ನು ನನ್ನ ಕಿವಿಯ ಹತ್ತಿರ ಹಿಡಿದರು. ಪುಸ್, ಪುಸ್, ಪುಸ್.

ಪಿಟೀಲು ಅರೆಗಣ್ಣು ಬಿಟ್ಟು "ಬಲಗಡೆ ಏನಾದ್ರೂ ಎಡವಟ್ಟಾಯ್ತಾ?" ಅಂದಳು. ತಂಗಿಯ ಗಂಡ ಕಣ್ಣಲ್ಲೇ ಬೇಡ ಬೇಡ ಅಂದ. ಆಯ್ತು, ಈಗ ಸರಿಹೋಯ್ತು ಎಂದೆ. ಹೂಂ ಅಂದು ನಿದ್ದೆಹೋದಳು.


ಮೇ 30

ಬೇಕರಿಗೆ ಹೋಗಲು ಶುರು ಮಾಡಿದ್ದಾಳೆ. ಗಲ್ಲಾಪೆಟ್ಟಿಗೆಯ ಹತ್ತಿರ ಮಾತ್ರ, ಒಲೆಯ ಹತ್ತಿರ ಇಲ್ಲ. ತೆಗೆದದ್ದನ್ನೆಲ್ಲ ಲ್ಯಾಬಿನಲ್ಲಿ ನೋಡಿದರು, ಎಲ್ಲೂ ಕಾಯಿಲೆ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆತುಂಬ ಉಂಡೆ.

ಅವಳು ಮಾತ್ರ ಮಾತು ಕಡಿಮೆ ಮಾಡಿದ್ದಾಳೆ. ಕನ್ನಡಿಯ ಮುಂದೆ ಟವೆಲು ಬಿಗಿಯಾಗಿ ಸುತ್ತಿಕೊಂಡು ನಿಂತಿರುವುದನ್ನು ಕಂಡೆ. ನನ್ನನ್ನು ನೋಡಿ ಹೊರಟುಹೋದಳು.


ಆಗಸ್ಟ್ 7, ಗುರುವಾರ, ಮಧ್ಯಾಹ್ನ

ಪಿಟೀಲಿನ ಮೊದಲ ಪರೀಕ್ಷೆ. ಅವಳೂ ಸಂಶೋಧನೆಗೆ ಸೇರಿದ್ದಾಳೆ. ಜೊತೆಗೆ ನಾನಿರಬೇಕು ಅಂತ ಹಟ ಹಿಡಿದಳು. ನೈಲಾನ್ ಹುಡುಗಿ ನನ್ನನ್ನು ಮೂಲೆಯಲ್ಲಿ ಕೂರಿಸಿ "ಕೆಮ್ಮೋದೂ ಬೇಡ ಮೇಡಂ" ಅಂದಳು.

ಹಸಿರು ಬಟ್ಟೆ ಕಟ್ಟಿಸಿಕೊಳ್ಳುತ್ತಾ ಪಿಟೀಲು ಜೋರಾಗಿ ಹೇಳಿದಳು, "ನಂಗೆ ನಿಮ್ಮ ಗುಟ್ಟೆಲ್ಲ ಗೊತ್ತು. ನಮ್ಮಕ್ಕನ ಹಾಗೆ ಸ್ಟೂಲಿಗೆಲ್ಲ ಹೂಂ ಅನ್ನೋಳಲ್ಲ ನಾನು."

ಮೊದಲು ಎಡಗಡೆ. ಎಳೆ ಬಾಗಿತು. ಅವಳು ಸುಮ್ಮನಿದ್ದಳು. ಇನ್ನೂ ದಪ್ಪದ್ದು, ಅದೂ ಬಾಗಿತು. ಸುಮ್ಮನೇ. ಪ್ರತಿ ಸಲ ಬಾಗುವುದು ನನಗೆ ಕಾಣುತ್ತಿದೆ, ಅವಳಿಗೆ ಗೊತ್ತಾಗುತ್ತಿಲ್ಲ. ಹೂಂ ಅನ್ನೇ, ಹೂಂ ಅನ್ನು ಅಂತ ಬಾಯಿವರೆಗೂ ಬಂತು. ಸೆರಗು ಕಚ್ಚಿಕೊಂಡೆ. ಸ್ಟೂಲು ಬೇಕೆಂದೇ ಕೀಚ್ ಅಂದಾಗಲೂ ಅವಳು ಬಾಯಿ ಬಿಡಲಿಲ್ಲ. ಹೆಮ್ಮೆಯಾಯಿತು. ಅವಳ ತುಟಿ ಮಾತ್ರ ಒಂಚೂರು ನಡುಗುತ್ತಿತ್ತು.

ಆಮೇಲೆ ಬಲಗಡೆ. ನೀಲಿಗಟ್ಟಿ ಉಳಿದುಕೊಂಡ ಬಲಗಡೆ. ಅಲ್ಲೂ ಅದೇ ಕಥೆ, ತುಂಬ ಹೊತ್ತು. ಹುಡುಗಿ ಸ್ಟೂಲು ಎಳೆಯಲಿಲ್ಲ, ಉಸಿರೂ ಬಿಡಲಿಲ್ಲ. ಕಡ್ಡಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು, ಚರ್ಮದಿಂದ ಬೆರಳಗಲ ಮೇಲೆ. ಕೋಣೆಯಲ್ಲಿ ಫ್ಯಾನು ಬಿಟ್ಟರೆ ಸದ್ದಿಲ್ಲ.

"ಹೂಂ" ಅಂದಳು ಪಿಟೀಲು.

ಎಳೆ ಅಲ್ಲೇ ಇತ್ತು, ಮೇಲೆ, ನೆಟ್ಟಗೆ.

"ಹೂಂ. ಇಲ್ಲಿ." ಬಟ್ಟೆಯ ಕೆಳಗೆ ಮುಖವೆಲ್ಲ ಅರಳಿತು. ಬೆರಳಿಟ್ಟು ಜಾಗವನ್ನೂ ತೋರಿಸಿದಳು.

ನೈಲಾನ್ ಹುಡುಗಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಮುಗಿದ ಮೇಲೆ ಎಂದಿನಂತೆ "ತುಂಬಾ ಚೆನ್ನಾಗಿ ಕೋಆಪರೇಟ್ ಮಾಡಿದ್ರಿ" ಅಂದಳು. ಪಿಟೀಲು ನನ್ನ ಹಾಗೇ ಹಿಗ್ಗಿದಳು.

ಇಲ್ಲಿಗೇ ಬಂದಿದ್ದಾಳೆ, ನಮ್ಮ ಮನೆಗೆ. ಆಚೆ ಕೋಣೆಯಲ್ಲಿ ಮಲಗಿಕೊಂಡು ಗುನುಗುತ್ತಿದ್ದಾಳೆ. ಏಪ್ರಿಲ್‌ನಿಂದ ಈಚೆಗೆ ಇವಳ ಬಾಯಲ್ಲಿ ಒಂದು ಹಾಡು ಕೇಳಿಲ್ಲ ನಾನು. ಬರುವಾಗ ಬಸ್ಸಿನಲ್ಲಿ ಮುದುಡಿ ಕೂರುವುದನ್ನು ಮರೆತು ನೆಟ್ಟಗೆ ಎದೆ ಎತ್ತಿ ಕೂತಿದ್ದಳು. ಮುಂದಿನ ವಾರ ಒಲೆಯ ಹತ್ತಿರ ಹೋಗುತ್ತಾಳಂತೆ. ಏಪ್ರನ್ ಸೆಖೆ, ಇನ್ನು ಬೇಡವೇನೋ ಅನ್ನುತ್ತಿದ್ದಾಳೆ.

ಈಗ ಕೂಗಿದಳು. "ಅಕ್ಕಾ, ನೀನು ನೋಡ್ತಿದ್ಯಲ್ಲ? ಬಲಗಡೆ ಅಲ್ಲಿ ಅವಳು ಮುಟ್ಟಿದ್ಲು ಅಲ್ವಾ?"

ಬಂದೆ ಎಂದೆ. ಪೆನ್ನು ಇಟ್ಟು ಏಳಬೇಕು. ಹೋಗಿ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು, ಪಿಟೀಲು, ನೋಡು, ಆಗ ಅವಳು ಮುಟ್ಟಿರಲಿಲ್ಲ ಅಂತ...